ಹಳೆಯ ಸೂಪರ್‌ಹೀರೋಗೆ ಹೊಸ ಗುಟ್ಟು, ಹೊಸ ವೇಷ: ಕಲಬುರಗಿಯಲ್ಲಿ ಕೂತು ಮಾಡುವ ಕ್ರಮ

ಕಾಮಿಕ್ಸ್ ಬರೆಯುವ ಇಲ್ಲಿನ ಹುಡುಗ ಹುಡುಗಿಯರು ತಂದು ತೋರಿಸುವ ಹಾಳೆಗಳಲ್ಲಿ ಬಹುತೇಕ ಒಂದೇ ಚಿತ್ರ ಇರುತ್ತದೆ. ಹಳೆಯ ಹೀರೋ, ಅದೇ ಬಿಗಿ ಉಡುಪು, ಹಿಂದೆ ಕಲಬುರಗಿ ಕೋಟೆ, ಕೈಯಲ್ಲಿ ಸ್ಮಾರ್ಟ್‌ಫೋನ್. ಕೆಲವರು ಕೇಪ್ ಬದಲು ಶಲ್ಯ ಹೊದಿಸಿರುತ್ತಾರೆ. ಇವನು ಹಗಲು ಏನು ಕೆಲಸ ಮಾಡುತ್ತಾನೆ, ಮುಖ ಯಾಕೆ ಮುಚ್ಚಿಕೊಂಡ, ಓಣಿಯವರಿಗೆ ಇನ್ನೂ ಯಾಕೆ ಗೊತ್ತಾಗಿಲ್ಲ ಅಂತ ಕೇಳಿದರೆ ಉತ್ತರ ಬರುವುದಿಲ್ಲ.

ಚಿತ್ರ ಚೆನ್ನಾಗಿಯೇ ಇರುತ್ತದೆ. ಕ್ರಮ ಉಲ್ಟಾ ಆಗಿರುತ್ತದೆ. ವೇಷದಿಂದ ಶುರು ಮಾಡಿ ಕೊನೆಗೆ ಗುಟ್ಟಿಗೆ, ಅಂದರೆ ಮುಸುಕಿನ ಹಿಂದೆ ಇರುವವನು ಯಾರು ಅನ್ನುವುದಕ್ಕೆ, ಬರುತ್ತಾರೆ. ಗುಟ್ಟು ಮೊದಲು ಗಟ್ಟಿಯಾಗಬೇಕು. ಆಮೇಲೆ ವೇಷದ ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ, ನಡುವಿನದನ್ನು ಹಾರಿಸಬೇಡಿ.

ಏನೇನು ಬೇಕು

ಒಂದು ಗೆರೆ ಇಲ್ಲದ ನೋಟ್‌ಬುಕ್, ಎಚ್‌ಬಿ ಮತ್ತು 2ಬಿ ಪೆನ್ಸಿಲ್, ಒಂದು ಕಪ್ಪು ಪೆನ್, ಟ್ರೇಸಿಂಗ್ ಕಾಗದ. ಜನರ ನಡಿಗೆ, ಬಟ್ಟೆ ನೋಡಿಕೊಳ್ಳಲು ಫೋನ್ ಕ್ಯಾಮೆರಾ ಸಾಕು, ಆದರೆ ಯಾರದೇ ಫೋಟೋ ತೆಗೆಯುವ ಮುಂಚೆ ಕೇಳಿ. ಕಂಪ್ಯೂಟರ್ ಇದ್ದರೆ ಚಿತ್ರ ಬರೆಯುವ ಸಾಫ್ಟ್‌ವೇರ್ ಕ್ರಿಟಾ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಬಣ್ಣ ಈಗಲೇ ತರಬೇಡಿ. ಏಳನೇ ಹಂತದವರೆಗೆ ಬಣ್ಣ ಮುಟ್ಟುವ ಹಾಗಿಲ್ಲ.

ಹಂತ 1: ಯಾವ ಹೀರೋ ಅಂತ ಆರಿಸಿ

ಅಭ್ಯಾಸಕ್ಕೆ ಯಾರನ್ನು ಬೇಕಾದರೂ ತೆಗೆದುಕೊಳ್ಳಿ. ಅಚ್ಚು ಹಾಕಿ ಮಾರಬೇಕು ಅಂದರೆ ಹಕ್ಕಿನ ಮಾತು ಬರುತ್ತದೆ. ಸೂಪರ್‌ಮ್ಯಾನ್‌ನ 1938ರ ಮೊದಲ ಸಂಚಿಕೆಯ ಹಕ್ಕು ಅಮೆರಿಕದಲ್ಲೇ 2034ರವರೆಗೆ ಬಿಡುವುದಿಲ್ಲ. ಬ್ಯಾಟ್‌ಮನ್ ಅವನಿಗಿಂತ ಒಂದು ವರ್ಷ ಚಿಕ್ಕವನು, ಅಲ್ಲೂ ಅದೇ ಲೆಕ್ಕ.

ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಉದಾಹರಣೆಗೆ ಇವರಿಬ್ಬರಿಗಿಂತ ಹಳೆಯವನನ್ನು ತೆಗೆದುಕೊಂಡಿದ್ದೇನೆ. ಝೋರೋ. ಜಾನ್‌ಸ್ಟನ್ ಮೆಕಲಿ 1919ರಲ್ಲಿ ಬರೆದ ಕತೆಯ ಮುಸುಕುಧಾರಿ. ಅಮೆರಿಕದಲ್ಲಿ ಆ ಕತೆ ಈಗ ಎಲ್ಲರದು. ನಮ್ಮಲ್ಲಿ ಲೇಖಕ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಮೆಕಲಿ ತೀರಿಕೊಂಡದ್ದು 1958ರಲ್ಲಿ, ಹಾಗಾಗಿ 2018ರ ಕೊನೆಗೆ ಅದೂ ಮುಗಿಯಿತು. ಆದರೆ ಬಳಸಬಹುದಾದ್ದು ಆ ಹಳೆಯ ಕತೆಯಲ್ಲಿ ಇರುವುದನ್ನು ಮಾತ್ರ. ಆಮೇಲಿನ ಸಿನಿಮಾ, 1957ರ ಟೀವಿ ಸರಣಿ ಸೇರಿಸಿದ ಸಂಗತಿಗಳನ್ನು ಮುಟ್ಟಬೇಡಿ. ಹೆಸರನ್ನೂ ಬಿಟ್ಟುಬಿಡಿ, ಅದರ ಮೇಲೆ ಟ್ರೇಡ್‌ಮಾರ್ಕ್ ಹಕ್ಕು ಹೇಳುವವರಿದ್ದಾರೆ. ಹೆಸರು ಬಿಟ್ಟರೆ ನಷ್ಟ ಏನಿಲ್ಲ, ಹೇಗೂ ಅವನನ್ನು ಇಲ್ಲಿನವನನ್ನಾಗಿ ಮಾಡುತ್ತಿದ್ದೇವೆ.

ಹಂತ 2: ತಿರುಳು ಯಾವುದು, ಸಿಪ್ಪೆ ಯಾವುದು

ಒಂದು ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ, ತೆಗೆದರೆ ಹೀರೋ ಸಾಯುವ ಸಂಗತಿಗಳು. ಬಲಕ್ಕೆ, ತೆಗೆದರೂ ಬದುಕುವ ಸಂಗತಿಗಳು.

ಐರನ್ ಮ್ಯಾನ್ ನೋಡಿ. 1963ರ ಕಾಮಿಕ್ಸ್‌ನಲ್ಲಿ ಅವನು ಸೆರೆ ಸಿಕ್ಕಿದ್ದು ವಿಯೆಟ್ನಾಂನಲ್ಲಿ, 2008ರ ಸಿನಿಮಾದಲ್ಲಿ ಅಫ್ಘಾನಿಸ್ತಾನದಲ್ಲಿ. ದೇಶ ಬದಲಾಯಿತು, ಯುದ್ಧ ಬದಲಾಯಿತು. ಆದರೆ ಆಯುಧ ಮಾರುವವನೇ ಸೆರೆಯಾಗಿ, ಎದೆಗೆ ಪೆಟ್ಟು ತಿಂದು, ಬದುಕಲು ಕವಚ ಕಟ್ಟಿಕೊಂಡ ಅನ್ನುವುದು ಹಾಗೇ ಉಳಿಯಿತು. ಯಾವುದು ತಿರುಳು ಅಂತ ಅಲ್ಲಿ ಯಾರೋ ಕೂತು ಯೋಚನೆ ಮಾಡಿದ್ದಾರೆ.

ನಮ್ಮ ಉದಾಹರಣೆಯ ಎಡ ಕಾಲಂ ಹೀಗಿದೆ. ಉಳ್ಳವರ ಮನೆ ಮಗ. ಊರಿಗೆಲ್ಲ ಸೋಮಾರಿ, ಪುಕ್ಕಲ ಅಂತ ಹೆಸರು. ಅಪ್ಪನಿಗೆ ಅವನ ಬಗ್ಗೆ ಬೇಸರ. ಬಡವರನ್ನು ಹಿಂಡುವ ಅಧಿಕಾರದ ಮೇಲೆ ಅವನಿಗೆ ಸಿಟ್ಟು. ಹೋದಲ್ಲಿ ಗುರುತು ಬಿಟ್ಟು ಬರುತ್ತಾನೆ. ಬಲ ಕಾಲಂನಲ್ಲಿ ಕುದುರೆ, ಕತ್ತಿ, ಕ್ಯಾಲಿಫೋರ್ನಿಯಾ, ಕೇಪ್. ಬಲದ್ದೆಲ್ಲ ಹೋದರೂ ಎಡದವನು ಎದ್ದು ನಿಲ್ಲುತ್ತಾನೆ, ಅಲ್ವಾ?

ಸಾಮಾನ್ಯ ತಪ್ಪು: ಎಡ ಕಾಲಂನಲ್ಲಿ ವೇಷದ ವಿವರ ತುಂಬುವುದು. ಅಲ್ಲಿ ಐದಕ್ಕಿಂತ ಜಾಸ್ತಿ ಸಾಲು ಬಂದರೆ ಹಳೆಯ ಹೀರೋನ ಮೇಲಿನ ಪ್ರೀತಿ ಬಿಡುತ್ತಿಲ್ಲ ಅಂತಲೇ ಅರ್ಥ.

ಹಂತ 3: ಹಗಲಿನ ಕೆಲಸ

ಈ ಹಂತಕ್ಕೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಿ.

ಸೂಪರ್‌ಮ್ಯಾನ್‌ನ ಹಗಲಿನ ರೂಪವಾದ ಕ್ಲಾರ್ಕ್ ಕೆಂಟ್‌ನನ್ನು ಸುಮ್ನೆ ವರದಿಗಾರ ಮಾಡಿದ್ದಲ್ಲ. ಎಲ್ಲಿ ಏನು ಅನಾಹುತ ಆಯಿತು ಅನ್ನುವ ಸುದ್ದಿ ಪತ್ರಿಕೆ ಕಚೇರಿಗೆ ಮೊದಲು ಬರುತ್ತದೆ. ಅಲ್ಲಿಂದ ಎದ್ದು ಹೊರಗೆ ಹೋದರೆ ಎಲ್ಲಿಗೆ ಅಂತ ಯಾರೂ ಕೇಳುವುದಿಲ್ಲ. 1971ರಲ್ಲಿ ಅವನನ್ನು ಟೀವಿ ಸುದ್ದಿಗೆ ಕಳಿಸಿದರು, ಮುಂದೆ ಸುದ್ದಿ ಓದುವವನೂ ಆದ. ಕಾಲಕ್ಕೆ ತಕ್ಕ ಕೆಲಸವೇ. ಆದರೆ ಕ್ಯಾಮೆರಾ ಎದುರು ಕೂತವನು ನಡುವೆ ಎದ್ದು ಹೋಗುವುದು ಹೇಗೆ? ಮುಖವಂತೂ ದಿನಾ ಮನೆಮನೆಗೆ ಕಾಣುತ್ತದೆ. 2012ರಲ್ಲಿ ಅವನು ಪತ್ರಿಕೆ ಬಿಟ್ಟ, ಕೆಲವು ವರ್ಷದ ಮೇಲೆ ಮತ್ತೆ ಪತ್ರಿಕೆಗೇ ಬಂದ. ಹೊಸ ಕಾಲದ ಕೆಲಸ ಅನ್ನುವುದೊಂದೇ ಸಾಲದು ಅಂತ ಇದರಿಂದ ತಿಳಿಯುತ್ತದೆ.

ಯಾವ ಕೆಲಸ ಯೋಚಿಸಿದರೂ ಮೂರು ಪ್ರಶ್ನೆ ಹಾಕಿ. ಅನ್ಯಾಯದ ಸುದ್ದಿ ಅವನ ಕಿವಿಗೆ ಬೇಗ ಬೀಳುತ್ತದಾ? ಎರಡು ತಾಸು ಮಾಯವಾದರೆ ನಡೆಯುತ್ತದಾ? ಆ ಕೆಲಸದ ಹೆಸರು ಹೇಳಿದ ಮೇಲೆ ಜನ ಇನ್ನೂ ಪ್ರಶ್ನೆ ಕೇಳುತ್ತಾರಾ?

ಡೆಲಿವರಿ ಹುಡುಗ ಅಂತ ಸುಮಾರು ಜನ ಬರೆಯುತ್ತಾರೆ. ಊರೆಲ್ಲ ಸುತ್ತುತ್ತಾನೆ, ಸರಿ. ಆದರೆ ಆ್ಯಪ್ ಅವನ ನಿಮಿಷ ನಿಮಿಷದ ಲೆಕ್ಕ ಇಡುತ್ತದೆ, ಎರಡನೇ ಪ್ರಶ್ನೆಗೇ ಬಿದ್ದ. ಬಸ್ ಕಂಡಕ್ಟರ್ ಎರಡನೆಯದರಲ್ಲಿ ಬೀಳುತ್ತಾನೆ. ಆಟೋ ಚಾಲಕ ಮೂರನ್ನೂ ದಾಟುತ್ತಾನೆ, ಆದರೆ ನಮ್ಮ ಹೀರೋ ಉಳ್ಳವರ ಮಗ ಅಂತ ಎರಡನೇ ಹಂತದಲ್ಲೇ ಬರೆದಿದ್ದೇವೆ.

ಕಲಬುರಗಿಗೆ ಹೇಳಿ ಮಾಡಿಸಿದ ಗುಟ್ಟಿನ ಕೆಲಸ ಒಂದಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವನು. "ಏನ್ ಮಾಡ್ಲಾಕತ್ತಿ?" ಅಂದರೆ "ಕೆಪಿಎಸ್‌ಸಿಗೆ ಓದ್ಲಾಕತ್ತೀನ್ರೀ ಕಾಕಾ" ಅಂದರೆ ಮುಗಿಯಿತು. ವರ್ಷಗಟ್ಟಲೆ ಹೀಗೇ ಹೇಳಬಹುದು. ಬೆಳಗ್ಗೆ ರೀಡಿಂಗ್ ರೂಮಿಗೆ ಹೋದವನು ರಾತ್ರಿ ಬಂದರೂ ಯಾರೂ ಸಂಶಯ ಪಡುವುದಿಲ್ಲ. ಕಣ್ಣು ಕೆಂಪಗಿದ್ದರೆ ಪಾಪ, ಓದಿದ್ದಾನೆ ಅನ್ನುತ್ತಾರೆ. ಫಲಿತಾಂಶದ ಬಗ್ಗೆ ಕೇಳಲು ನೆಂಟರೂ ಹಿಂಜರಿಯುತ್ತಾರೆ.

ಇನ್ನು ಸುದ್ದಿ ಬರುವ ದಾರಿ. ಅಪ್ಪನದು ದಾಲ್ ಮಿಲ್, ಗಂಜ್‌ನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಅಡತ್ (ದಲಾಲಿ) ಅಂಗಡಿ. ತೊಗರಿ ತಂದ ರೈತನಿಗೆ ಕಾಂಟಾದಲ್ಲಿ (ತಕ್ಕಡಿಯಲ್ಲಿ) ಎಷ್ಟು ಕಡಿತ ಆಯಿತು, ಯಾರು ಮೀಟರ್ ಬಡ್ಡಿಗೆ ಸಿಕ್ಕಿಬಿದ್ದ, ಎಲ್ಲ ಊಟದ ಹೊತ್ತಿಗೆ ಮನೆಯಲ್ಲೇ ಮಾತಾಗುತ್ತದೆ. ಅವನು ತಲೆ ಎತ್ತದೆ ರೊಟ್ಟಿ ತಿನ್ನುತ್ತಾನೆ.

ಎಚ್ಚರಿಕೆ: ಹೀರೋ ಹ್ಯಾಕರ್, ಇಲ್ಲವೇ ಸ್ಟಾರ್ಟಪ್ ಮಾಲೀಕ ಅಂತ ಬರೆದಿದ್ದರೆ ನೀವು ಇನ್ನೂ ಯೋಚನೆ ಶುರು ಮಾಡಿಲ್ಲ.

ಹಂತ 4: ಗುಟ್ಟು ಸೋರುವ ಜಾಗಗಳು

ಹಳೆಯ ಕತೆಗಳಲ್ಲಿ ಫೋನ್ ಬೂತ್‌ಗೆ ನುಗ್ಗಿ ಬಟ್ಟೆ ಬದಲಿಸಿದರೆ ಸಾಕಿತ್ತು. 1978ರ ಸೂಪರ್‌ಮ್ಯಾನ್ ಸಿನಿಮಾದಲ್ಲೇ ಹೀರೋ ಬಾಗಿಲಿಲ್ಲದ ಅರ್ಧ ಬೂತ್ ನೋಡಿ ಮುಂದೆ ಓಡುವ ತಮಾಷೆ ಇದೆ. ನಮ್ಮ ಎಸ್‌ಟಿಡಿ ಬೂತ್‌ಗಳೂ ಹೋದವು. ಈಗ ಸೋರುವ ಜಾಗ ಬೇರೆ. ಒಂದೊಂದಕ್ಕೂ ನೋಟ್‌ಬುಕ್‌ನಲ್ಲಿ ಒಂದು ಸಾಲು ಉತ್ತರ ಬರೆಯಿರಿ.

ಫೋನ್. ಅದು ಎಲ್ಲಿತ್ತು ಅಂತ ಟವರ್ ಹೇಳುತ್ತದೆ. ಫೋನ್ ರೀಡಿಂಗ್ ರೂಮ್‌ನಲ್ಲೇ ಚಾರ್ಜಿಗೆ ಇರಲಿ, ಅವನು ಮಾತ್ರ ಹೊರಗೆ ಬರಲಿ. ಈಗ ಫೋನೇ ಅವನ ಪರ ಸಾಕ್ಷಿ ಹೇಳುತ್ತದೆ.

ಗಾಡಿ. ಎಲ್ಲರೂ ಮರೆಯುವುದು ಇದನ್ನೇ. ಮುಖಕ್ಕೆ ಮುಸುಕು, ಬೈಕಿಗೆ ನಂಬರ್ ಪ್ಲೇಟ್! ಗಂಜ್‌ನಲ್ಲಿ ನಡೆದೇ ಹೋಗಬಹುದು. ದೂರ ಹೋಗುವುದಿದ್ದರೆ ಶೇರ್ ಆಟೋ, ಚಿಲ್ಲರೆ ಕಾಸು. ಒಂದು ಸಲ ಯುಪಿಐ ಮಾಡಿದರೂ ಕತೆ ಮುಗಿದಂತೆ.

ಕ್ಯಾಮೆರಾ. ಅಂಗಡಿ ಅಂಗಡಿಗೆ ಸಿಸಿಟಿವಿ ಇದೆ. ಹೀರೋ ಎಲ್ಲ ಕ್ಯಾಮೆರಾ ಬಂದ್ ಮಾಡಿಸಿದ ಅಂತ ಬರೆಯುವುದು ಸೋಮಾರಿತನ. ಕ್ಯಾಮೆರಾ ನೋಡಲಿ, ನೋಡಿದರೂ ಗೊತ್ತಾಗದಂತೆ ಇರಲಿ. ಇಲ್ಲಿ ಊರೇ ಸಹಾಯ ಮಾಡುತ್ತದೆ. ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟಿದ ಮೇಲೆ ಕಲಬುರಗಿಯಲ್ಲಿ ಮುಖ ಮುಚ್ಚದೆ ಗಾಡಿ ಓಡಿಸುವವರೇ ಕಡಿಮೆ. ಹುಡುಗಿಯರು ಓಡನಿ ಸುತ್ತಿಕೊಂಡು ಕಣ್ಣಷ್ಟೇ ಬಿಟ್ಟಿರುತ್ತಾರೆ, ಗಂಡಸರು ದಸ್ತಿ ಇಲ್ಲವೇ ಟವೆಲ್. ಬೇರೆ ಊರಲ್ಲಿ ಮುಖವಾಡ ಕಂಡರೆ ಜನ ತಿರುಗಿ ನೋಡುತ್ತಾರೆ, ಇಲ್ಲಿ ಬರಿ ಮುಖದಲ್ಲಿ ಬಿಸಿಲಿಗೆ ಹೊರಟವನನ್ನು ನೋಡುತ್ತಾರೆ. ನಿಮ್ಮದು ಹೀರೋಯಿನ್ ಆದರೆ ಈ ಹಂತ ಇನ್ನೂ ಸಲೀಸು.

ಆದರೆ ಕ್ಯಾಲೆಂಡರ್ ತಾಳೆ ನೋಡಿ. ತೊಗರಿ ಕೊಯ್ಲು ಡಿಸೆಂಬರ್, ಜನವರಿಗೆ. ಗಂಜ್ ತುಂಬುವುದೂ ಆಗಲೇ. ಆಗ ಸೆಕೆ ಇರುವುದಿಲ್ಲ, ಬಿಸಿಲಿನ ನೆಪ ನಡೆಯುವುದಿಲ್ಲ. ಅದಕ್ಕೆ ಚೀಲ ಇಳಿಸುವ ಹಮಾಲರನ್ನು ಗಮನಿಸಿ. ಕಾಳಿನ ದೂಳಿಗೆ ಮೂಗು ಬಾಯಿಗೆ ಬಟ್ಟೆ ಕಟ್ಟಿರುತ್ತಾರೆ. ಸುಗ್ಗಿಯಲ್ಲಿ ದೂಳು, ಬೇಸಿಗೆಯಲ್ಲಿ ಬಿಸಿಲು. ಮಳೆಗಾಲಕ್ಕೆ ಏನು ನೆಪ ಅಂತ ನೀವೇ ಹುಡುಕಬೇಕು, ಇಲ್ಲವೇ ಕತೆಯನ್ನು ಮಳೆಗಾಲಕ್ಕೆ ಒಯ್ಯಬೇಡಿ.

ಹೊತ್ತು. ಹಳೆಯ ಮುಸುಕುಧಾರಿಗಳು ರಾತ್ರಿ ಬರುತ್ತಾರೆ. ನಮ್ಮವನು ಬೇಸಿಗೆಯಲ್ಲಿ ಮಧ್ಯಾಹ್ನ ಬರಲಿ ಅಂತ ನನ್ನ ಸಲಹೆ. ಏಪ್ರಿಲ್, ಮೇನಲ್ಲಿ ಇಲ್ಲಿ ಸರ್ಕಾರಿ ಕಚೇರಿಯ ಹೊತ್ತೇ ಬೆಳಗ್ಗೆ 8ರಿಂದ 1.30ಕ್ಕೆ ಬದಲಾಗುತ್ತದೆ. ಎರಡು ಗಂಟೆಗೆ ಸೂಪರ್ ಮಾರ್ಕೆಟ್ ರಸ್ತೆಯಲ್ಲೂ ಜನ ತೆಳುವಾಗುತ್ತಾರೆ. ರಾತ್ರಿ ಹತ್ತಕ್ಕೆ ಅಲ್ಲಿ ಅದಕ್ಕಿಂತ ಜಾಸ್ತಿ ಗದ್ದಲ. ಈ ಒಂದು ಬದಲಾವಣೆ ಮುಂದೆ ವೇಷದ ಬಣ್ಣವನ್ನೇ ಬದಲಿಸುತ್ತದೆ, ನೆನಪಿಡಿ.

ಜನ. ಸಿಸಿಟಿವಿಗಿಂತ ಅಪಾಯ ಇವರೇ. ನಮ್ಮ ಕಡೆ ಪರಿಚಯ ಆಗುವಾಗ ಹೆಸರಿಗಿಂತ ಮುಂಚೆ "ಯಾವೂರು, ಯಾರ ಪೈಕಿ?" ಅಂತ ಕೇಳುತ್ತಾರೆ. ಕಿವಿಯ ಆಕಾರ, ನಿಲ್ಲುವ ಭಂಗಿ ನೋಡಿ ಅಜ್ಜನ ಹೆಸರು ಹೇಳುವ ಮುದುಕರಿದ್ದಾರೆ. ಇದಕ್ಕೆ ಉತ್ತರ ಆರನೇ ಹಂತದಲ್ಲಿ.

ಹಂತ 5: ಯಾರಿಗೆ ಗೊತ್ತು

ಒಬ್ಬರಿಗೆ ಗೊತ್ತಿರಲಿ. ಇಬ್ಬರಾದರೆ ಹೆಚ್ಚು. ಗೆಳೆಯರ ಗುಂಪಿಗೆಲ್ಲ ಗೊತ್ತಿದ್ದರೆ ಅದು ಗುಟ್ಟಲ್ಲ, ವಾಟ್ಸ್ಆ್ಯಪ್ ಗ್ರೂಪ್.

ಗೊತ್ತಿರುವವರಿಗೆ ಅದರಿಂದ ಕಷ್ಟ ಇರಬೇಕು. ನಮ್ಮ ಉದಾಹರಣೆಯಲ್ಲಿ ಅಪ್ಪನ ಅಂಗಡಿಯಲ್ಲೇ ಕಾಂಟಾ ಮೇಲೆ ನಿಲ್ಲುವ ಹುಡುಗನಿಗೆ ಗೊತ್ತು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ರೈತನ ಕಣ್ಣಿಗೆ ಅವನೇ ಕಳ್ಳ. ಮೊದಲ ಸಲ ಮುಸುಕುಧಾರಿ ಹಿಡಿಯುವ ತೂಕದ ಮೋಸ ಅಪ್ಪನ ಅಂಗಡಿಯದೇ ಆದರೆ? ನಾನಾದರೆ ಹಾಗೇ ಬರೆಯುತ್ತೇನೆ. ಅಪ್ಪನ ಬೇಸರ ಅನ್ನುವ ಎಡ ಕಾಲಂನ ಸಾಲಿಗೆ ಆಗ ಜೀವ ಬರುತ್ತದೆ.

ಮೂಲ ಕತೆಯ ಕೊನೆಯಲ್ಲಿ ಝೋರೋ, ಅಂದರೆ ಡಾನ್ ಡಿಯೆಗೊ, ಎಲ್ಲರೆದುರು ಮುಖವಾಡ ತೆಗೆಯುತ್ತಾನೆ. ನೀವು ಕತೆ ಮುಂದುವರಿಸುವುದಾದರೆ ಅದನ್ನು ಬಿಡಿ.

ಹಂತ 6: ಮೈ, ನಡಿಗೆ, ಮಾತು

ಕನ್ನಡಕ ಹಾಕಿದರೆ ಸೂಪರ್‌ಮ್ಯಾನ್‌ನ ಗುರುತು ಸಿಗುವುದಿಲ್ಲ ಅನ್ನುವುದನ್ನು ಎಲ್ಲರೂ ನಗಾಡುತ್ತಾರೆ. ಆದರೆ 1978ರ ಸಿನಿಮಾದಲ್ಲಿ ಕ್ರಿಸ್ಟೋಫರ್ ರೀವ್ ಮಾಡಿದ್ದು ಬರೀ ಕನ್ನಡಕದ ಕೆಲಸ ಅಲ್ಲ. ಭುಜ ಇಳಿಬಿಟ್ಟರು, ಬೆನ್ನು ಬಾಗಿಸಿದರು, ದನಿ ಬದಲಿಸಿದರು. ಎರಡು ಮನುಷ್ಯರು ಅಂತಲೇ ಅನಿಸುತ್ತದೆ. ನಿಮ್ಮ ಪೆನ್ಸಿಲ್ ಮಾಡಬೇಕಾದ್ದೂ ಅದೇ.

ಮುಖ ಇಲ್ಲದ ಕಡ್ಡಿ ಗೊಂಬೆಗಳಿಂದ ಶುರು ಮಾಡಿ. ಒಂದು ಪುಟ ತುಂಬ ಓದುವ ಹುಡುಗ. ಕುತ್ತಿಗೆ ಮುಂದೆ, ಕಾಲು ಎಳೆದು ನಡಿಗೆ, ಬ್ಯಾಗು ಒಂದೇ ಹೆಗಲಿಗೆ. ಇನ್ನೊಂದು ಪುಟದಲ್ಲಿ ಮುಸುಕಿನವನು. ತೂಕ ಎರಡೂ ಕಾಲಿಗೆ ಸಮ, ಮೊಣಕೈ ಮೈಗೆ ಹತ್ತಿರ. ಗಂಜ್‌ನಲ್ಲಿ ಬೆಳಗ್ಗೆ ಸ್ವಲ್ಪ ಹೊತ್ತು ನಿಂತು ಚೀಲ ಹೊರುವವರ ಮೈ ನೋಡಿ. ಅಗಲ ಭುಜ, ಸಣ್ಣ ಕಾಲು, ಜಿಮ್‌ನ ಪದರ ಹೊಟ್ಟೆ ಇಲ್ಲ. ಅಂಥ ಮೈ ಬರೆದರೆ ಮುಸುಕಿನಲ್ಲಿ ಹಮಾಲರ ನಡುವೆ ಕರಗಿಹೋಗುತ್ತಾನೆ.

ಸ್ನಾಯು ಬರೆಯುವುದಕ್ಕೆ ಅಮೆರಿಕದ ಪುಸ್ತಕವೇ ಬೇಕಿಲ್ಲ. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಅವರ ಕ್ಯಾಲೆಂಡರ್ ಚಿತ್ರಗಳನ್ನು ಹುಡುಕಿ. ಅವರ ಹೆಸರಿನ ರಂಗಮಂದಿರಕ್ಕೆ ಹೋಗಿರುತ್ತೀರಿ, ಚಿತ್ರ ಎಷ್ಟು ಜನ ನೋಡಿದ್ದೀರಿ? ಮೈಯ ಮೇಲೆ ಬೆಳಕು ಎತ್ತಲಿಂದ ಬೀಳುತ್ತದೆ, ನೆರಳು ಎಲ್ಲಿ ಮೆತ್ತಗಾಗುತ್ತದೆ ಅಂತ ಅಲ್ಲಿ ಕಲಿಯಿರಿ.

ಇನ್ನು ಮಾತು. ಮನೆಯಲ್ಲಿ ಅವನದು ಕಲಬುರಗಿ ಕನ್ನಡ. ಮುಸುಕಿನಲ್ಲಿ ದಖನಿ, ಅಂದರೆ ಇಲ್ಲಿನ ಮುಸ್ಲಿಮರ ಮನೆಯ ಉರ್ದು, ಮಾತಾಡಿಸೋಣ ಅಂತ ಹಲವರಿಗೆ ಹೊಳೆಯುತ್ತದೆ. ಹುಷಾರು. ಹಾಗೆ ಮಾಡಿದರೆ ಪೊಲೀಸರು ಯಾವ ಓಣಿಯ ಹುಡುಗರನ್ನು ಎಳೆದೊಯ್ಯುತ್ತಾರೆ ಅಂತ ಯೋಚಿಸಿ. ಆ ಅನ್ಯಾಯವನ್ನು ಕತೆಯೊಳಗೆ ತಂದು ಉತ್ತರ ಕೊಡುವ ಧೈರ್ಯ ಇದ್ದರೆ ಮಾಡಿ, ಇಲ್ಲದಿದ್ದರೆ ಮುಸುಕಿನವನು ಮಾತೇ ಆಡದಿರಲಿ. ಮಾತಾಡದ ಹೀರೋನನ್ನು ಬರೆಯುವುದು ಕಷ್ಟ, ಓದುವುದಕ್ಕೆ ಚೆಂದ.

ಹಂತ 7: ಈಗ ವೇಷ

ಕಾಡಿನಲ್ಲಿ ನೇರಳೆ ಬಿಗಿ ಉಡುಪಿನಲ್ಲಿ ಓಡಾಡುವ ಫ್ಯಾಂಟಮ್‌ನನ್ನು 1936ರಿಂದ ಯಾರೂ ಸೆಕೆ ಆಗುವುದಿಲ್ವಾ ಅಂತ ಕೇಳಿಲ್ಲ. ನಿಮ್ಮ ಓದುಗ ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಕೂತು ಓದುತ್ತಾನೆ, ಅವನು ಕೇಳುತ್ತಾನೆ. ಬಿಗಿ ಉಡುಪು ಬೇಡ, ಕೇಪ್ ಬೇಡ, ಮೈತುಂಬ ಕಪ್ಪಂತೂ ಬೇಡವೇ ಬೇಡ. ಮಧ್ಯಾಹ್ನದ ಹೀರೋ ಬಿಳಿ ಇಲ್ಲವೇ ಮಾಸಲು ಬಣ್ಣದ ಹತ್ತಿ ಬಟ್ಟೆಯಲ್ಲಿರಲಿ. ಸಡಿಲ ಅಂಗಿ, ಮೊಣಕಾಲಿನ ಕೆಳಗೆ ಕಟ್ಟಿದ ಪ್ಯಾಂಟು, ತಲೆಗೂ ಮುಖಕ್ಕೂ ಒಂದೇ ಉದ್ದ ಬಟ್ಟೆ. ಬಿಚ್ಚಿದರೆ ಹೆಗಲ ಮೇಲಿನ ಟವೆಲ್ ಆಗಬೇಕು. ಬಟ್ಟೆ ಬದಲಿಸುವ ಜಾಗದ ಸಮಸ್ಯೆ ಇದರಿಂದ ಅರ್ಧ ತೀರಿತು.

ಧೋತ್ರ ಉಡಿಸಿದರೆ ಊರಿನವನಾಗುತ್ತಾನೆ ಅನ್ನುವುದು ಇನ್ನೊಂದು ಭ್ರಮೆ. 2004ರ ಭಾರತೀಯ ಸ್ಪೈಡರ್‌ಮ್ಯಾನ್, ಅಂದರೆ ಮುಂಬೈನ ಪವಿತ್ರ್ ಪ್ರಭಾಕರ್, ಮೇಲೆ ಅದೇ ಜೇಡನ ಉಡುಪು, ಕೆಳಗೆ ಧೋತಿ ಅಂತ ಬಂದ. ಆ ವಯಸ್ಸಿನ ಮುಂಬೈ ಹುಡುಗ ದಿನಾ ಅದನ್ನು ಉಡುತ್ತಾನಾ? ಇಂದಿನ ಬಟ್ಟೆ ಬೇಕಾದರೆ ಇಂದಿನ ಬೀದಿ ನೋಡಿ, ಗಾದಿ ಮೇಲಿನ ಹಳೆಯ ಫೋಟೋ ಅಲ್ಲ.

ಹಳೆಯದನ್ನು ಕಿತ್ತುಹಾಕುವಾಗಲೂ ಅವಸರ ಬೇಡ. ಸೂಪರ್‌ಮ್ಯಾನ್‌ನ ಕೆಂಪು ಚಡ್ಡಿಯನ್ನು 2011ರಲ್ಲಿ ತೆಗೆದರು, 2018ರಲ್ಲಿ ಕಾಮಿಕ್ಸ್‌ಗೆ ವಾಪಸ್ ತಂದರು. ನಗೆಪಾಟಲು ಅಂತ ತೆಗೆದದ್ದು ಮೈಯ ನೀಲಿಯನ್ನು ನಡುವೆ ಒಡೆಯುವ ಕೆಲಸ ಮಾಡುತ್ತಿತ್ತು. ಏನನ್ನೇ ತೆಗೆಯುವ ಮುಂಚೆ ಅದು ಕಣ್ಣಿಗೆ ಏನು ಕೆಲಸ ಮಾಡುತ್ತಿದೆ ಅಂತ ಟ್ರೇಸಿಂಗ್ ಕಾಗದ ಇಟ್ಟು, ಇದ್ದಂತೆ ಒಂದು, ಇಲ್ಲದಂತೆ ಒಂದು ಬರೆದು ನೋಡಿ.

ಬಣ್ಣ ಈಗ ತರಬಹುದು. ಮೂರಕ್ಕಿಂತ ಹೆಚ್ಚು ಬೇಡ. ಬಟ್ಟೆಯ ಮಾಸಲು ಬಿಳಿ ಒಂದು. ಉಳಿದೆರಡು ಬೀದರ್‌ನಿಂದ ಬರಲಿ, ಬಿದರಿಯ ಕಪ್ಪು ಮತ್ತು ಬೆಳ್ಳಿ. ಬಿದರಿ ಕೆಲಸದಲ್ಲಿ ಸತು, ಸ್ವಲ್ಪ ತಾಮ್ರ ಸೇರಿದ ಲೋಹಕ್ಕೆ ಬೆಳ್ಳಿ ತಂತಿ ಕೂಡಿಸಿ, ಬೀದರ್ ಕೋಟೆಯ ಮಣ್ಣು ಸೇರಿಸಿದ ದ್ರವದಲ್ಲಿ ಹಾಕುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಕಪ್ಪಾಗುವುದಿಲ್ಲ. ಗೆರೆ ಎದ್ದು ಕಾಣುವುದು ಅದಕ್ಕೇ. ಆದರೆ ಆ ಹೂಬಳ್ಳಿಯನ್ನು ಅಂಗಿ ತುಂಬ ಬರೆಯಬೇಡಿ. ಸಣ್ಣ ಚೌಕದಲ್ಲಿ ಅಚ್ಚಾದರೆ ಬರೀ ಕೊಳೆಯಂತೆ ಕಾಣುತ್ತದೆ. ಸೊಂಟದ ಒಂದು ಬಿಲ್ಲೆ, ಅಷ್ಟೇ.

ಹಂತ 8: ಆಯುಧ ಮತ್ತು ಗುರುತು

ಕತ್ತಿ ಹಿಡಿದು ಗಂಜ್‌ಗೆ ಬಂದರೆ ಮೊದಲ ಪುಟದಲ್ಲೇ ಠಾಣೆ. ಅಲ್ಲಿ ಯಾರ ಕೈಯಲ್ಲಿದ್ದರೂ ಸಂಶಯ ಬಾರದ ಸಾಮಾನು ಬೇಕು. ಚೀಲಕ್ಕೆ ಚುಚ್ಚಿ ಕಾಳಿನ ಮಾದರಿ ತೆಗೆಯುವ, ತುದಿ ಚೂಪಾದ ಸಲಾಕೆ ಇದೆಯಲ್ಲ, ಅದನ್ನು ಹಿಡಿಸಿ. ಕತ್ತಿಯ ಗೆರೆಯೂ ಚಿತ್ರದಲ್ಲಿ ಉಳಿಯಿತು, ಚೀಲದೊಳಗಿನ ಮೋಸ ಹೊರತೆಗೆಯುವ ಅರ್ಥವೂ ಬಂತು.

ಗುರುತಿಗೆ ಕನ್ನಡ ಅಕ್ಷರ ಹಾಕುವ ಆಸೆ ಆಗುತ್ತದೆ. ನಮ್ಮ ಅಕ್ಷರಗಳು ದುಂಡು, ಅವಸರದಲ್ಲಿ ಗೀಚಲು ಆಗುವುದಿಲ್ಲ. ಮೂರು ಏಟಿನಲ್ಲಿ ಮುಗಿಯಬೇಕು. ಗೋಣಿಚೀಲ ಹೊಲಿಯುವ ದಬ್ಬಣ, ಕೆಂಪು ಸುತಳಿ, ಚೀಲದ ಬಾಯಿಗೆ ಮೂರು ಓರೆ ಹೊಲಿಗೆ. ಬೆಳಗ್ಗೆ ಅಂಗಡಿ ತೆಗೆದವನಿಗೆ ಯಾವ ಚೀಲದಲ್ಲಿ ತೂಕ ಕಡಿಮೆ ಅಂತ ಆ ಹೊಲಿಗೆಯೇ ಹೇಳುತ್ತದೆ. ಮೂರು ಬಣ್ಣ ಅಂತ ಹೇಳಿದ ಮೇಲೆ ಕೆಂಪು ಎಲ್ಲಿಂದ ಬಂತು ಅಂತ ಕೇಳಬೇಡಿ. ಅದು ಅವನ ಮೈಮೇಲೆ ಇರುವುದಿಲ್ಲ, ಬಿಟ್ಟುಹೋದಲ್ಲಿ ಮಾತ್ರ ಇರುತ್ತದೆ.

ಹಂತ 9: ಅಚ್ಚಿಗೆ ಮುಂಚೆ ಪರೀಕ್ಷೆ

ಚಿತ್ರವನ್ನು ಅಂಚೆಚೀಟಿಯಷ್ಟು ಚಿಕ್ಕದು ಮಾಡಿ. ಯಾರು ಅಂತ ಗೊತ್ತಾಗದಿದ್ದರೆ ವಿವರ ಜಾಸ್ತಿಯಾಗಿದೆ. ಆಮೇಲೆ ಮೈಯನ್ನೆಲ್ಲ ಕಪ್ಪು ತುಂಬಿಸಿ ನೆರಳಿನಂತೆ ಮಾಡಿ. ಓದುವ ಹುಡುಗ, ಮುಸುಕಿನವನು ಇಬ್ಬರೂ ಒಂದೇ ಥರ ಕಂಡರೆ ಆರನೇ ಹಂತಕ್ಕೆ ವಾಪಸ್ ಹೋಗಿ.

ಮೂರನೆಯದು ಮನೆಯವರ ಪರೀಕ್ಷೆ. ಇಬ್ಬರ ಚಿತ್ರವನ್ನೂ ಬೇರೆ ಬೇರೆ ಹಾಳೆಯಲ್ಲಿ, ಕಾಮಿಕ್ಸ್ ಓದದ ಒಬ್ಬರಿಗೆ ತೋರಿಸಿ. ಇಬ್ಬರೂ ಒಬ್ಬನೇ ಅಂತ ತಕ್ಷಣ ಹೇಳಿದರೆ ಗುಟ್ಟು ನಿಲ್ಲಲಿಲ್ಲ. ನೀವು ಹೇಳಿದ ಮೇಲೂ ನಂಬದಿದ್ದರೆ ಅದೂ ತಪ್ಪು, ಓದುಗನಿಗೆ ಮೋಸ ಆದಂತೆ ಅನಿಸುತ್ತದೆ. ಇಬ್ಬರಲ್ಲೂ ಒಂದು ಸಣ್ಣ ಅಭ್ಯಾಸ ಉಳಿಸಿ. ನಮ್ಮ ಹುಡುಗ ಓದುತ್ತಾ ಬೆರಳಿಗೆ ಸುತಳಿ ಸುತ್ತುತ್ತಾನೆ. ಅಪ್ಪ ಅದನ್ನು ಮೊದಲ ಅಧ್ಯಾಯದಲ್ಲೇ ಬೈಯುತ್ತಾನೆ.

ಕೊನೆಗೆ ಒಂದು ದಿನದ ವೇಳಾಪಟ್ಟಿ ಬರೆಯಿರಿ. ಎಡಕ್ಕೆ ಮಗ, ಬಲಕ್ಕೆ ಮುಸುಕಿನವನು, ತಾಸು ತಾಸಿಗೆ. ನಡೆದು ಹೋಗುವ ಹೊತ್ತು, ಬಟ್ಟೆ ಸುತ್ತಿಕೊಳ್ಳುವ ಹೊತ್ತು, ಫೋನ್ ಎತ್ತದಿದ್ದಾಗ ಅಮ್ಮ ಎಷ್ಟು ಸಲ ಕರೆ ಮಾಡುತ್ತಾಳೆ ಅನ್ನುವುದು ಎಲ್ಲ ಬರಬೇಕು. ಎರಡು ಕಾಲಂ ಎಲ್ಲಾದರೂ ಡಿಕ್ಕಿ ಹೊಡೆದರೆ ಹಗಲಿನ ಕೆಲಸವನ್ನು ತಿದ್ದಿ, ವೇಷವನ್ನು ಮುಟ್ಟಬೇಡಿ. ಭಾನುವಾರಕ್ಕೆ ಬೇರೆ ಪಟ್ಟಿ ಮಾಡಿ. ಅವತ್ತು ನೆಂಟರು ಬರುತ್ತಾರೆ.